ಗುದ್ದಲಿ ತಾಗದ ಮೂಲೆ

ಸೋಮವಾರ ಬೆಳಿಗ್ಗೆ ಸವಣೂರು ಠಾಣೆಗೆ ಬಂದ ವೇದವ್ಯಾಸರ ಮುಖದಲ್ಲಿ ಸೂತಕದ ಕಳೆಯಿತ್ತು. ಊರ ಹೊರಗೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಶೋಧಿಸುವ ಪ್ರಯೋಗಾಲಯ ಅವರದು.

“ಬ್ಯಾಕ್ಟೀರಿಯಾ ಕಳುವಾಗ್ಯಾವ್ರಿ.”

ಕಾನ್‌ಸ್ಟೇಬಲ್ ಫಕ್ಕೀರೇಶನ ಪೆನ್ನು ನಿಂತಿತು. “ಇದನ್ನೂ ಬರೀಲ್ರಿ ಮೇಡಂ? ಕಣ್ಣಿಗೆ ಕಾಣದ ಮಾಲು, ನಾಳೆ ಗುರುತು ಹಿಡಿಯಾಂವ ಯಾರು?”

“ಬರಿ,” ಎಂದಳು ಪಿಎಸ್‌ಐ ದೀಪ್ತಿ. “ಕುಂತ್ರಿ ಸರ್. ಬಿಡಿಸಿ ಹೇಳ್ರಿ.”

ರೈತ ಚಂದ್ರಪ್ಪನ ಎಲೆಬಳ್ಳಿ ತೋಟದ ಮಣ್ಣಿನಲ್ಲಿ ಸಿಕ್ಕ ಜೀವಿ ಅದು. ಅದರ ವಂಶವಾಹಿಗಳನ್ನು ಕಂಪ್ಯೂಟರಿನಲ್ಲಿ ಓದಿ ನೋಡಿದರೆ, ಯಾವ ಮದ್ದಿಗೂ ಬಗ್ಗದ ನಂಜನ್ನು ಕೊಲ್ಲಬಲ್ಲ ಹೊಸ ವಸ್ತುವೊಂದನ್ನು ತಯಾರಿಸುವ ಸೂಚನೆ ಕಂಡಿತ್ತು.

“ಓದಿದ್ದು ಕಂಪ್ಯೂಟರಿನ್ಯಾಗ ಅದ ರೀ. ಆದ್ರ ಆ ವಸ್ತು ಮಾಡೂ ಜೀವಾನ ಹೋತಲ್ಲ.”

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಗೆ ಹೋದರೆ ಬೀಗ ಒಡೆದಿರಲಿಲ್ಲ. ಡೀಪ್ ಫ್ರೀಜರಿನಿಂದ ಆ ಒಂದೇ ಪೆಟ್ಟಿಗೆ ಹೋಗಿತ್ತು. ಫ್ರೀಜರಿನೊಳಗೇ ಅದರ ಪಕ್ಕದಲ್ಲಿಟ್ಟಿದ್ದ ಅದೇ ತೋಟದ ಮಣ್ಣಿನ ಚೀಲವೂ ಇರಲಿಲ್ಲ. ದೀಪ್ತಿಗೆ ಎಡವಿದಂತಾಯಿತು. ಮಾರುವ ಕಳ್ಳ ಜೀವಿಯನ್ನು ಒಯ್ದಾನು, ಮಣ್ಣನ್ನೇಕೆ? ಮಾಲು ಎಲ್ಲಿಗೆ ಹೋಯಿತೆಂದು ಕೇಳುವ ಮೊದಲು ಎಲ್ಲಿಂದ ಬಂದಿತ್ತೆಂದು ಕೇಳಬೇಕು ಎಂದು ಅವಳ ಅಜ್ಜಿ ಕತೆಯ ನಡುವೆ ಹೇಳುತ್ತಿದ್ದಳು.

ಜೀಪು ತೋಟದ ಕಡೆ ತಿರುಗಿತು.

“ಎಲ್ಲಿ ಅಗದಿದ್ರು?”

ಚಂದ್ರಪ್ಪ ಬೇಲಿಯ ಮೂಲೆಗೆ ಕೈ ಮಾಡಿದ. ಕಣ್ಣು ಅತ್ತ ಹೋಗಲಿಲ್ಲ. “ಗುದ್ದಲಿ ತಾಗದ ಮಣ್ಣು ಬೇಕು ಅಂದ್ರು ಲ್ಯಾಬಿನವ್ರು. ಇಡೀ ತೋಟದಾಗ ಅದೊಂದ ಮೂಲಿ.”

“ಯಾಕ ತಾಗಿಲ್ಲ?”

ಮುದುಕ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. “ಅಲ್ಲಿ ಮಣ್ಣಾಗ ಮೊಮ್ಮಗಳು ಮಲಗ್ಯಾಳ್ರಿ. ಹಾಲು ಕುಡಿಯೂ ಕೂಸು. ಮೈಯಾಗ ನಂಜೇರಿತು, ಯಾವ ಸೂಜಿಗೂ ಬಗ್ಗಲಿಲ್ಲ. ಇವ್ರು ಔಷಧಿ ಹುಡುಕಾಕತ್ತೇವಿ ಅಂದಾಗ ಒಲ್ಲೆ ಅನ್ನಾಕ ಬಾಯಿ ಬರ್ಲಿಲ್ಲ. ಬಾಜೂಕ ಅಗೀರಿ ಅಂದೆ. ಕೂಸಿನ ಸುದ್ದಿ ಹೇಳಲಿಲ್ರಿ.”

“ಹೆತ್ತಾಕಿಗೆ ಗೊತ್ತಿತ್ತೇನು?”

“ಹೆತ್ತಾಕಿಗೆ ಜಾಗ ತೋರ್ಸೂದಿಲ್ರಿ ನಮ್ಮಾಗ. ತೋರಿಸಿದ್ರ ಅಲ್ಲೇ ಕುಂತುಬಿಡ್ತಾರ.”

ಆ ಮೂಲೆಯಲ್ಲಿ ಮಣ್ಣನ್ನು ಹೊಸದಾಗಿ ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಲಾಗಿತ್ತು. ಮೇಲೆ ಹಾಲು ಹೊಯ್ದ ಕಲೆ. ಪಂಚರ ಸಮಕ್ಷಮ ಸರಿಸಿದಾಗ ಪ್ರಯೋಗಾಲಯದ ಬೆರಳುದ್ದದ ಖಾಲಿ ಕೊಳವೆಗಳು ಸಿಕ್ಕವು.

“ನಿಮ್ಮ ಸೊಸಿ ಎಲ್ಲಿ ಕೆಲಸಾ ಮಾಡ್ತಾಳ?”

“ಅವರ ಲ್ಯಾಬಿನ್ಯಾಗ ರೀ. ಕಸಾ ಹೊಡೀತಾಳ.”

ಸೊಸೆ ನಾಗರತ್ನಾ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಜೀಪು ಕಂಡು ಕೈ ತೊಳೆದುಕೊಂಡು ಎದ್ದಳು.

“ನೀನ ಒಯ್ದಿಯೇನು?”

“ಹೂಂ ರೀ.”

“ಜಾಗ ಯಾರು ಹೇಳಿದ್ರು?”

“ಸಾಹೇಬ್ರು ಯಾರಿಗೋ ಫೋನಿನ್ಯಾಗ ಹೇಳಾಕತ್ತಿದ್ರು ರೀ, ಚಂದ್ರಪ್ಪನ ತೋಟದಾಗ ಗುದ್ದಲಿ ತಾಗದ ಮೂಲಿ ಅಂತ. ನಾ ನೆಲಾ ಒರಸಾಕತ್ತಿದ್ನಿ, ಕೂಸಿನ ಜಾಗ ಅದ ಅಂತ ಆಗ ತಿಳೀತು. ಎಲ್ಲಾರ ಕಾಲು ಹಿಡಿದು ಕೇಳಿದ್ದೆ, ಒಬ್ಬರೂ ಹೇಳಿರ್ಲಿಲ್ಲ.” ಸೆರಗು ಬಾಯಿಗೆ ಹೋಯಿತು. “ಆ ಫ್ರೀಜರಿನ್ಯಾಗ ಕೈ ಇಟ್ರ ಕೈ ಮರಗಟ್ಟತೈತ್ರಿ. ಅಷ್ಟು ಥಂಡ್ಯಾಗ ಆಕಿ ಮಣ್ಣು ಹೆಂಗ ಬಿಡ್ಲಿ?”

ಹೊತ್ತು ಮುಳುಗುವ ಮೊದಲೇ ದಸ್ತಗಿರಿಯಾಯಿತು. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ದೀಪ್ತಿ ತಡೆಯಲಾರದೆ ಹೇಳಿದಳು: “ನಿನ್ನ ಕೂಸಿಗೆ ಏರಿತ್ತಲ್ಲ, ಅಂಥಾ ನಂಜಿಗೇ ಅದು ಔಷಧಿ ಆಗೂದಿತ್ತವ್ವ.”

ನಾಗರತ್ನಾ ತನ್ನ ಅಂಗೈ ನೋಡಿಕೊಂಡಳು.

“ಹಂಗಾರ ಮತ್ತ ಅಗೀತಾರೇನ್ರಿ?”

“ಅಗೀಬೇಕಾಗ್ತೈತಿ. ಆ ಜೀವಿ ಮತ್ತ ಸಿಗ್ತೈತೋ ಇಲ್ಲೋ.”

“ಅಗೀಲ್ರಿ. ಕೈಲೆ ಅಗೀರಿ ಅಂತ ಹೇಳ್ರಿ ಸಾಹೇಬ್ರಿಗೆ. ಗುದ್ದಲಿ ಬ್ಯಾಡ.”

ಫಕ್ಕೀರೇಶನ ಪೆನ್ನು ಮತ್ತೆ ನಿಂತಿತು. “ಇದನ್ನೂ ಬರೀಲ್ರಿ ಮೇಡಂ?”

“ಬರಿ,” ಎಂದಳು ದೀಪ್ತಿ.