ನೋರಾ ಅಜ್ಜಿಯ ಅಣ್ಣ ಸಿಕ್ಕ ಮೇಲೆ

ಟಾಮ್ ಸಿಕ್ಕಿದ್ದು ಒಂದು ಮಂಗಳವಾರ ಮಧ್ಯಾಹ್ನ, ಮೈಥಿಲಿ ಹೂಫ್‌ಡಾರ್ಪ್ ಎಂಬ ಡಚ್ ಊರಿನ ತನ್ನ ಆಫೀಸಿನಲ್ಲಿ ಚೀಸ್ ಬ್ರೆಡ್ ತಿನ್ನುತ್ತಿದ್ದಾಗ. ಅರವತ್ತೈದು ವರ್ಷದ ಹಿಂದೆ ಐರ್ಲೆಂಡಿನಿಂದ ಆಸ್ಟ್ರೇಲಿಯಾದ ಹಡಗು ಹತ್ತಿ, ಮನೆಗೆ ನಾಲ್ಕು ಕಾಗದ ಬಂದ ಮೇಲೆ ಸುದ್ದಿಯೇ ಇಲ್ಲದಾದವನು. ಅವನ ತಂಗಿ ನೋರಾ, ಡಚ್ಚನೊಬ್ಬನನ್ನು ಮದುವೆಯಾಗಿ ನ್ಯೂವೆಗೈನ್‌ನಲ್ಲಿ ನೆಲೆಸಿದವಳು, ಈಗ ಎಂಬತ್ತನಾಲ್ಕರ ಅಜ್ಜಿ. ಅವಳ ಮಹಡಿಯಲ್ಲಿ ಬಾಡಿಗೆಗಿದ್ದ ಮೈಸೂರಿನ ಜಯದೇವ ಐದು ತಿಂಗಳ ಹಿಂದೆ ಕನ್ನಡ ಸಂಘದ ಊಟದಲ್ಲಿ "ಸ್ವಲ್ಪ ಹುಡುಕಿಕೊಡ್ತೀಯಾ?" ಎಂದು ಮೈಥಿಲಿಯನ್ನು ಕೇಳಿದ್ದ. ಅಂದಿನಿಂದ ಪ್ರತಿ ಶನಿವಾರ ಅವಳು ನೋರಾಳ ಮನೆಯಲ್ಲಿ ಹಾಜರು.

ಆಸ್ಟ್ರೇಲಿಯಾದ ದಾಖಲೆಗಳಲ್ಲಿ ಅದೇ ಹೆಸರಿನ ಟಾಮ್‌ಗಳು ನೂರಾರು ಇದ್ದರು. ಹಿರಿಮಗನಿಗೆ ಅಜ್ಜನ ಹೆಸರಿಡುವುದು ತಮ್ಮಲ್ಲಿ ಪದ್ಧತಿ ಎಂದು ನೋರಾ ಒಮ್ಮೆ ಹೇಳಿದ್ದಳು. ತನ್ನ ಅಜ್ಜಿಯ ಹೆಸರನ್ನೇ ಹೊತ್ತ ಮೈಥಿಲಿ ಅದನ್ನು ಮರೆಯಲಿಲ್ಲ. ಟಾಮ್‌ನನ್ನು ಬಿಟ್ಟು, ಅವನಿಗೊಬ್ಬ ಮಗನಿದ್ದರೆ ಇಟ್ಟಿರಬಹುದಾದ ಹೆಸರಿನಲ್ಲಿ, ಅಂದರೆ ನೋರಾಳ ಅಪ್ಪ ಕಾರ್ನೀಲಿಯಸ್‌ನ ಹೆಸರಿನಲ್ಲಿ, ಹುಡುಕಿದಳು. ಪರ್ತ್‌ನಲ್ಲಿ ಒಬ್ಬ ಸಿಕ್ಕ, ಮೇಲ್‌ಗೆ ಉತ್ತರವನ್ನೂ ಬರೆದ: ಅಪ್ಪ ಇದ್ದಾರೆ, ಕಿವಿ ಮಂದ, ಫೋನಿನಲ್ಲಿ ಜೋರಾಗಿ ಮಾತಾಡಿ.

ಮೈಥಿಲಿ ತುಟಿಪಿಟಿಕ್ಕೆನ್ನಲಿಲ್ಲ. ಅಣ್ಣ ಸಿಕ್ಕಿಬಿಟ್ಟರೆ ಶನಿವಾರ ನ್ಯೂವೆಗೈನ್‌ಗೆ ಹೋಗಲು ಯಾವ ನೆಪ? ಜಯದೇವ ಇಷ್ಟವಾಗಿದ್ದ. ಅದನ್ನೇ ಹೇಳಿ ಟ್ರಾಮ್ ಹತ್ತುವ ಧೈರ್ಯ ಅವಳಿಗಿರಲಿಲ್ಲ.

ಒಂದು ಶನಿವಾರ ಹಾಗೇ ಕಳೆಯಿತು. ಎರಡನೆಯದರಲ್ಲಿ ಜಯದೇವ ಕಾಫಿ ಲೋಟ ಕೊಡುತ್ತಾ ಅವಳನ್ನೇ ನೋಡಿದ.

"ಏನ್ ಮೇಡಂ, ಲ್ಯಾಪ್‌ಟಾಪ್ ಆ ಕಡೆ ತಿರುಗಿಸ್ಕೊಂಡು ಕೂತಿದ್ದೀಯಲ್ಲ?"

"ನಾನೇನೂ ಮುಚ್ಚಿಟ್ಟಿಲ್ಲಪ್ಪ."

"ಮುಚ್ಚಿಟ್ಟಿದ್ದೀಯ ಅಂತ ಯಾರಂದ್ರು?" ಅವನ ಒಂದು ಹುಬ್ಬು ಮೇಲೇರಿತು, ತುಟಿಯಂಚಿನಲ್ಲಿ ನಗು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಷ್ಟರಲ್ಲಿ ನೋರಾ ಬಂದು, ಹುಡುಕಿದ್ದು ಸಾಕು ಮಕ್ಕಳೇ ಎಂದಳು.

"ಟಾಮ್‌ಗೆ ನಾನು ಬೇಡವಾಗಿರಬೇಕು. ಇಷ್ಟು ವರ್ಷ ಅದನ್ನು ಒಪ್ಪಿಕೊಳ್ಳಲಿಲ್ಲ, ಅಷ್ಟೇ."

ಮೈಥಿಲಿ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು.

ಪರ್ತ್‌ನಲ್ಲಿ ಆಗ ಸಂಜೆ. ಮೊದಲ ಐದು ನಿಮಿಷ ನೋರಾ ಫೋನಿನಲ್ಲಿ ತನ್ನ ಹೆಸರನ್ನೇ ಕೂಗಿದಳು. ಆಮೇಲೆ ಅತ್ತಳು. ಟಾಮ್ ಬರೆದ ಉಳಿದ ಕಾಗದಗಳೆಲ್ಲ ಎಂದೋ ಮಾರಿದ ಹಳೆಯ ಮನೆಗೆ ಹೋಗಿದ್ದವಂತೆ.

ಮಹಡಿಯಲ್ಲಿ ಜಯದೇವ ಕೇಳಿದ. "ಯಾವಾಗ ಸಿಕ್ತು?"

"ಹನ್ನೊಂದು ದಿನ ಆಯ್ತು."

"ಆ ವಯಸ್ಸಲ್ಲಿ ಹನ್ನೊಂದು ದಿನ ಕಮ್ಮಿ ಅಲ್ಲ, ಮೈಥಿಲಿ."

"ಗೊತ್ತು. ಸಿಕ್ಕಿಬಿಟ್ರೆ ಇಲ್ಲಿಗೆ ಬರೋಕೆ ಏನೂ ಇರಲ್ಲ ಅನ್ನಿಸ್ತು. ನಾನು ನಿನ್ನ ನೋಡೋಕೆ ಬರ್ತಿದ್ದೆ."

ಹೇಳಿ ಬ್ಯಾಗ್ ಎತ್ತಿಕೊಂಡಳು. ಅವನಿಗೆ ಕೋಪ ಬಂದಿತ್ತು, ಮುಖದಲ್ಲಿ ಕಾಣುತ್ತಲೂ ಇತ್ತು. ಆದರೂ ಬಾಗಿಲವರೆಗೆ ಹಿಂದೆಯೇ ಬಂದ.

"ಅಜ್ಜಿಗೆ ನೀನೇ ಹೇಳ್ಬೇಕು."

"ಹೇಳ್ತೀನಿ."

"ಮುಂದಿನ ಶನಿವಾರ ಬಾ."

"ಹುಡುಕೋಕೆ ಇನ್ಯಾರಿದ್ದಾರೆ?"

"ಯಾರೂ ಇಲ್ಲ. ಸುಮ್ನೆ ಬಾ. ನಂಗೋಸ್ಕರ."

ಮೈಥಿಲಿ ಬ್ಯಾಗನ್ನು ಅವನ ಕೈಗೆ ಕೊಟ್ಟು, ತಪ್ಪೊಪ್ಪಿಕೊಳ್ಳಲು ಅಜ್ಜಿಯ ಕೋಣೆಗೆ ಇಳಿದುಹೋದಳು.