ಕೂಗಿನ ಅಡಿಯಲ್ಲಿ ಪಿಟೀಲು

“ನೋಡ್ತಿರು, ಎರಡು ಹಾಡು ಮುಗಿಯೋಷ್ಟರಲ್ಲಿ ಎಲ್ರಿಗೂ ಬೋರ್ ಆಗುತ್ತೆ,” ಎಂದಳು ಚಿನಕುರಳಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಾ.

“ಅವರಿನ್ನೂ ಸ್ಟೇಜಿಗೇ ಬಂದಿಲ್ಲ. ನೀನಾಗ್ಲೇ ಕೆಳಗಿಳಿಸ್ತಿದೀಯಲ್ಲ,” ಎಂದ ಅಣ್ಣ.

ಅವಳಿಗೆ ಚಿನಕುರಳಿ ಎಂದು ಹೆಸರಿಟ್ಟವನೇ ಅವನು. ಅವಳ ಬಾಯಿ ಸುಮ್ಮನಿದ್ದರೆ ತಾನೆ? ಶೆಡ್ ಬ್ಯಾಂಡಿನ ವಿಷಯ ಬಂದರಂತೂ ಕೇಳುವುದೇ ಬೇಡ.

ಹಳೇ ಗ್ಯಾರೇಜಿನ ಶೆಡ್ಡಿನಲ್ಲಿ ಹುಟ್ಟಿದ ಬ್ಯಾಂಡ್ ಅದು. ಹಾಡು ಅರ್ಧಕ್ಕೆ ಬರುತ್ತಿದ್ದಂತೆ ಅವರೆಲ್ಲ ದಾರಿ ಬಿಟ್ಟು, ಮನಸ್ಸಿಗೆ ಬಂದದ್ದು ನುಡಿಸುತ್ತಾ ಎತ್ತಲೋ ಹೊರಟುಬಿಡುತ್ತಿದ್ದರು. ಗಿಟಾರಿನವರು ಏನೋ ನುಡಿಸಿದರೆ ಡ್ರಮ್ಮಿನವರು ಅದನ್ನೇ ಎತ್ತಿಕೊಂಡು ಉತ್ತರ ಕೊಡುತ್ತಿದ್ದರು. ಒಮ್ಮೆ ದೂರದಲ್ಲಿ ನಾಯಿ ಬೊಗಳಿದಾಗ ಬ್ಯಾಂಡಿನ ಪಿಟೀಲಜ್ಜ ಅದಕ್ಕೂ ಪಿಟೀಲಿನಲ್ಲೇ ಉತ್ತರ ಕೊಟ್ಟಿದ್ದರು. ಅವತ್ತು ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ಒಂದು ದಿನ ನುಡಿಸಿದ್ದನ್ನು ಅವರು ಮತ್ತೊಂದು ದಿನ ನುಡಿಸುತ್ತಿರಲಿಲ್ಲ. ಅದಕ್ಕೇ ಅಭಿಮಾನಿಗಳಲ್ಲಿ ಯಾರಾದರೊಬ್ಬರು ಪ್ರತಿ ಶೋ ರೆಕಾರ್ಡ್ ಮಾಡಿ, ಬರಲಾಗದವರಿಗಾಗಿ ಗ್ರೂಪಿಗೆ ಹಾಕುತ್ತಿದ್ದರು.

ಈಗ ಪಿಟೀಲಜ್ಜ ಬ್ಯಾಂಡಿನಲ್ಲಿಲ್ಲ. ಬೆರಳು ನಡುಗುತ್ತಿವೆ, ಇನ್ನು ಸಾಕು ಎಂದು ತಾವೇ ಬಿಟ್ಟಿದ್ದರು. ಅವರ ಜಾಗಕ್ಕೆ ದಪ್ಪ ಕನ್ನಡಕದ ಒಬ್ಬ ಅಕ್ಕ ಬಂದಿದ್ದಳು. ಅಜ್ಜ ಇಲ್ಲದ ಮೇಲೆ ಅದು ಶೆಡ್ ಬ್ಯಾಂಡೇ ಅಲ್ಲ ಎಂದು ಗ್ರೂಪಿನಲ್ಲಿ ಅರ್ಧ ಜನ, ಹೊಸಬರಿಗೂ ಒಂದು ಚಾನ್ಸ್ ಕೊಡಿ ಎಂದು ಇನ್ನರ್ಧ ಜನ ಕಚ್ಚಾಡುತ್ತಿದ್ದರು. ಮನೆಯಲ್ಲಿ ಚಿನಕುರಳಿಗೂ ಅಣ್ಣನಿಗೂ ಅದೇ ಜಗಳ. ಅಪ್ಪ ಮಾತ್ರ, “ಇನ್ನೂ ಕೇಳೇ ಇಲ್ಲ, ಏನಂತ ಹೇಳ್ಲಿ?” ಎಂದು ಸುಮ್ಮನಾಗಿದ್ದ.

ಅಪ್ಪ ಬಸ್ ಡ್ರೈವರ್. ಈ ಸಲದ ಸರದಿ ಅವನದಾಗಿತ್ತು, ಆದರೆ ಆ ಸಂಜೆ ಅವನಿಗೆ ಡ್ಯೂಟಿ ಇತ್ತು. ಹಾಗಾಗಿ ರೆಕಾರ್ಡ್ ಮಾಡುವ ಕೆಲಸ ಮೊದಲ ಸಲ ಚಿನಕುರಳಿಯ ಪಾಲಿಗೆ ಬಂದಿತ್ತು. ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದ್ದ. ರೆಕಾರ್ಡ್ ಮಾಡುವವರ ಬಾಯಿಗೆ ಬೀಗ ಇರಬೇಕು.

ಮೊದಲ ಹಾಡು ಮುಗಿಯುವವರೆಗೆ ಬೀಗ ಗಟ್ಟಿಯಾಗಿಯೇ ಇತ್ತು. ಎರಡನೆಯ ಹಾಡಿನ ನಡುವೆ ಉಳಿದವರೆಲ್ಲ ಸದ್ದು ತಗ್ಗಿಸಿ ಅಕ್ಕನಿಗೆ ದಾರಿ ಬಿಟ್ಟರು. ಅಕ್ಕ ಕನ್ನಡಕ ಸರಿಮಾಡಿಕೊಂಡು ಪಿಟೀಲು ಎತ್ತಿದಳು. ಶುರುವಿನಲ್ಲೇ ಕಮಾನು ಸ್ವಲ್ಪ ಜಾರಿ ಕೀರಲು ಸದ್ದಾಯಿತು.

ಅಷ್ಟೇ ಸಾಕಾಯಿತು ಚಿನಕುರಳಿಗೆ.

“ಅಜ್ಜ ಬೇಕು, ಅಜ್ಜ ಬೇಕು,” ಎಂದು ಚಪ್ಪಾಳೆ ತಟ್ಟುತ್ತಾ ಕೂಗಿಬಿಟ್ಟಳು. ಅಣ್ಣ ಅವಳ ತೋಳು ಜಗ್ಗಿದ. ಅಷ್ಟರಲ್ಲಿ ಹಿಂದಿನ ಸಾಲಿನವರೂ ದನಿಗೂಡಿಸಿದರು. ತಾನು ಶುರುಮಾಡಿದ ಕೂಗನ್ನು ಇಷ್ಟೊಂದು ದೊಡ್ಡವರು ಕೂಗುವುದೆಂದರೆ! ಅವಳು ಇನ್ನೂ ಜೋರು ಮಾಡಿದಳು. ಸ್ವಲ್ಪ ಹೊತ್ತಿಗೆ ಅಕ್ಕ ಪಿಟೀಲು ಕೆಳಗಿಳಿಸಿದಳು. ಡ್ರಮ್ಮಿನವರು ಅವಸರದಲ್ಲಿ ಹಾಡು ಮುಗಿಸಿದರು.

ಮರುದಿನ ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು, ಕಣ್ಣು ಮುಚ್ಚಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಚಿನಕುರಳಿ ಮೇಜಿನ ಮೇಲಿದ್ದ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದಳು. ಮೊದಲ ಹಾಡಿಗೆ ಅಪ್ಪನ ಕಾಲು ತಾಳ ಹಾಕಿತು. ಆಮೇಲೆ ಎರಡನೆಯ ಹಾಡು ಬಂತು.

“ಅಜ್ಜ ಬೇಕು, ಅಜ್ಜ ಬೇಕು.”

ಫೋನಿಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳೇ. ಹಾಗಾಗಿ ಇಡೀ ಮೈದಾನದಲ್ಲಿ ಅವಳೊಬ್ಬಳೇ ಕೂಗಿದಂತೆ ಕೇಳುತ್ತಿತ್ತು. ಚಿನಕುರಳಿಗೆ ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಅಪ್ಪನ ಕಾಲು ನಿಂತುಹೋಯಿತು. ಅವನು ಕಣ್ಣು ತೆರೆಯಲಿಲ್ಲ, ಬೈಯಲೂ ಇಲ್ಲ. ಫೋನಿನ ಕಡೆ ಬಾಗಿ ಕಿವಿ ಕೊಟ್ಟ.

“ತಾಳು,” ಎಂದ. “ಕೂಗಿನ ಅಡಿಯಲ್ಲಿ ಏನೋ ಇದೆ. ಹಿಂದಕ್ಕೆ ಹಾಕು.”

ಹಾಕಿದಳು. ಅವಳ ದನಿಯ ಅಡಿಯಲ್ಲಿ, ತುಂಬ ಸಣ್ಣಗೆ, ಪಿಟೀಲು ಕೇಳಿಸುತ್ತಿತ್ತು. ಅಜ್ಜ ಬೇಕು, ಅಜ್ಜ ಬೇಕು. ಅದೇ ತಾಳ, ಅದೇ ಏರಿಳಿತ. ಅಕ್ಕ ಜನರ ಕೂಗನ್ನೇ ಎತ್ತಿಕೊಂಡು ಉತ್ತರ ಕೊಡುತ್ತಿದ್ದಳು, ಅಜ್ಜ ನಾಯಿಗೆ ಕೊಟ್ಟ ಹಾಗೆ. ಒಂದು ಸಲ ಕೊಟ್ಟಳು. ಇನ್ನೊಂದು ಸಲ, ಕೊನೆಗೊಂದು ತಮಾಷೆಯ ತಿರುವು ಸೇರಿಸಿ ಕೊಟ್ಟಳು. ಯಾರೂ ನಗಲಿಲ್ಲ. ಯಾರಿಗೂ ಕೇಳಿಸಿರಲೇ ಇಲ್ಲ. ಮೂರನೆಯ ಸಲಕ್ಕೆ ಪಿಟೀಲು ಅರ್ಧದಲ್ಲೇ ನಿಂತಿತು.

ಅಕ್ಕ ಕೂಗಿದವರನ್ನೆಲ್ಲ ಆಟಕ್ಕೆ ಕರೆದಿದ್ದಳು. ಚಿನಕುರಳಿಯ ಕಿವಿ ಬಿಸಿಯಾಯಿತು.

“ಮೊದಲು ಕೂಗಿದ್ದು ನಾನೇ ಅಪ್ಪ,” ಎಂದಳು, ನೆಲ ನೋಡುತ್ತಾ.

“ಗೊತ್ತಾಯ್ತು ಮಗಳೇ,” ಎಂದ ಅಪ್ಪ.

ಫೋನು ಟಿಣ್ ಎಂದಿತು. ರೆಕಾರ್ಡಿಂಗ್ ಎಲ್ಲಿ ಎಂದು ಗ್ರೂಪಿನಲ್ಲಿ ಕೇಳುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಅವಳ ಮುಖ ನೋಡಿದ. ಸದಾ ಅವಳ ಕಾಲೆಳೆಯುವವನಿಗೂ ಪಾಪ ಅನ್ನಿಸಿತೇನೋ.

“ಆ ಜಾಗ ಕಟ್ ಮಾಡಿ ಹಾಕೋಣ ಬಿಡೇ,” ಎಂದ. “ಯಾರಿಗೂ ಗೊತ್ತಾಗಲ್ಲ.”

ಅವಳ ಬೆರಳು ಪರದೆಯ ಮೇಲೆ ನಿಂತಿತು. ತನ್ನ ದನಿ ಎಲ್ಲರಿಗೂ ಗೊತ್ತು. ನಾಳೆ ಗ್ರೂಪಿನಲ್ಲಿ ಯಾರು ಏನೆನ್ನುತ್ತಾರೋ. ಅಕ್ಕನೂ ಕೇಳಬಹುದು. ಅಜ್ಜನೂ ಕೇಳಬಹುದು.

“ಬೇಡ,” ಎಂದಳು. “ನನ್ನ ದನಿ ತೆಗೆದ್ರೆ ಅಕ್ಕ ನುಡಿಸಿದ್ದೂ ಹೋಗುತ್ತೆ.”

ಇದ್ದದ್ದನ್ನು ಇದ್ದ ಹಾಗೇ ಗ್ರೂಪಿಗೆ ಹಾಕಿದಳು. ಆಮೇಲೆ ಫೋನನ್ನು ಕಿವಿಗೆ ಒತ್ತಿ ಹಿಡಿದು, ಅಷ್ಟು ಜೋರಾದ ತನ್ನ ದನಿಯನ್ನು ದಾಟಿ, ಆ ಸಣ್ಣ ಪಿಟೀಲನ್ನು ಮತ್ತೆ ಹುಡುಕತೊಡಗಿದಳು.