ಮೊದಲ ಸಾಲಿನಲ್ಲಿ ಕರೆದ ಹೆಸರು

"ತಿರುಗಿ ನೋಡಬೇಡಿ ಅಕ್ಕಾ..."

ದನಿ ಸೀಟಿನ ಸಂದಿಯಿಂದ ಬಂತು. ದನಿಯ ಹಿಂದೆ ಎರಡು ಬೆರಳು. ಬೆರಳುಗಳ ನಡುವೆ ಒಂದು ಇನ್ಸುಲಿನ್ ಪೆನ್ನು. ಅದರ ಸೂಜಿ ನನ್ನ ತೋಳಿನ ಬಟ್ಟೆಗೆ ತಾಗುತ್ತಿತ್ತು.

"ಒಳಗಿರೋದು ಇನ್ಸುಲಿನ್ನೇ ಅಂತ ಅಂದ್ಕೋಬೇಡಿ."

ವಿಮಾನ ನಿಲ್ದಾಣದ ಸೆಕ್ಯುರಿಟಿಯವರು ನನ್ನ ಉಗುರುಕತ್ತರಿ ಕಿತ್ತುಕೊಂಡಿದ್ದರು. ಇವನ ಸೂಜಿಯನ್ನು ಡಾಕ್ಟರ ಚೀಟಿ ನೋಡಿ ಬಿಟ್ಟಿದ್ದರು!

ಮೂವತ್ತು ವರ್ಷದಿಂದ ಈ ಕಸುಬಿನಲ್ಲಿದ್ದೇನೆ. ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ.

ತಪ್ಪು ನನ್ನದೇ. ಕೇಳಿ.

ಸಾಕ್ಷಿಗಳನ್ನು ಕೋರ್ಟಿಗೆ ಜೀವಂತ ತಲುಪಿಸುವುದು ನನ್ನ ಕೆಲಸ. ಈ ಸಲದ ಸಾಕ್ಷಿ, ಲಿಫ್ಟುಗಳನ್ನು ತಪಾಸಣೆ ಮಾಡುವ ಇಂಜಿನಿಯರು. ನನ್ನ ಓರಗೆಯ ಹೆಂಗಸು. ನಾನು ಲಿಫ್ಟಮ್ಮ ಅಂತಲೇ ಕರೆಯುತ್ತಿದ್ದೆ. ಒಂದು ಆಸ್ಪತ್ರೆಯ ಲಿಫ್ಟು ಏಳನೇ ಮಹಡಿಯಿಂದ ಕಳಚಿ ಬಿದ್ದು ಆರು ಜನ ಸತ್ತಿದ್ದರು. ಇದನ್ನು ಓಡಿಸಬೇಡಿ ಎಂದು ಎರಡು ತಿಂಗಳ ಮೊದಲೇ ಬರೆದುಕೊಟ್ಟಿದ್ದವಳು ಇವಳು. ಬರೆದ ಕಾಗದ ಮಾಯವಾಗಿತ್ತು. ಬರೆದವಳು ಉಳಿದಿದ್ದಳು.

ಇವತ್ತು ಮಧ್ಯಾಹ್ನ ಮೂರಕ್ಕೆ ಅವಳು ಕಟಕಟೆ ಹತ್ತಬೇಕು. ಇಲ್ಲದಿದ್ದರೆ ಕೇಸು ವಜಾ!

ನಮ್ಮ ಕಸುಬಿನ ಮೊದಲ ಪಾಠ ಏನು ಗೊತ್ತಾ? ವಿಮಾನದಲ್ಲಿ ಕೊನೆಯ ಸಾಲು. ಟಾಯ್ಲೆಟ್ ಪಕ್ಕ. ವಾಸನೆ ಬಂದರೂ ಸರಿ, ಬೆನ್ನಿಗೆ ಗೋಡೆ ಇರುತ್ತದೆ.

ಆದರೆ ನನ್ನ ಮೊಣಕಾಲು... ಅಗ್ಗದ ವಿಮಾನದಲ್ಲಿ ಎರಡು ಗಂಟೆ ಮುದುಡಿ ಕೂತರೆ ಎಬ್ಬಿಸಲು ಇಬ್ಬರು ಬೇಕು. ಒಂದೇ ಒಂದು ಸಲ ಸುಖಪಡೋಣ ಅನ್ನಿಸಿತು. ಪ್ರೀಮಿಯಂ ಸೀಟಿನ ಟಿಕೆಟ್ ತೆಗೆಸಿದೆ. ಮೊದಲ ಸಾಲು!

ಅದೇ ವಿಮಾನ. ಅದೇ ರೊಟ್ಟಿಯಂಥ ತೆಳು ಸೀಟು. ಕಾಲು ಚಾಚಲು ಒಂದು ಗೇಣು ಜಾಸ್ತಿ, ನಡುವಿನ ಸೀಟು ಖಾಲಿ, ಒಂದು ಸ್ಯಾಂಡ್‌ವಿಚ್ ಡಬ್ಬ.

ಜೊತೆಗೆ ಮರ್ಯಾದೆ...

ಆ ಮರ್ಯಾದೆಯೇ ಕುತ್ತಿಗೆಗೆ ಬಂತು!

ವಿಮಾನ ಮೇಲೇರಿ ಹತ್ತು ನಿಮಿಷವಾಗಿತ್ತು. ಗಗನಸಖಿ ಟ್ಯಾಬ್ ಹಿಡಿದು ಬಂದಳು. ಹಿಂದೆ ಕೂತ ನೂರೆಪ್ಪತ್ತು ಜನರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪ್ರೀಮಿಯಂ ಸೀಟಿನವರನ್ನು ಕರೆಯುತ್ತಾರೆ. ಅವಳು ಬಾಯ್ತುಂಬ ನಗುತ್ತಾ, ಐದು ಸಾಲಿಗೆ ಕೇಳುವ ಹಾಗೆ, ಲಿಫ್ಟಮ್ಮನ ಪೂರ್ತಿ ಹೆಸರು ಹೇಳಿ ಸ್ವಾಗತಿಸಿದಳು.

ನಮ್ಮ ಬೆನ್ನ ಹಿಂದೆ ಒಂದು ಸೀಟ್ ಬೆಲ್ಟು ಕ್ಲಿಕ್ ಎಂದು ಬಿಚ್ಚಿಕೊಂಡಿತು.

ಇಬ್ಬರೂ ಒಂದೇ ಬಣ್ಣದ ಶಾಲು ಹೊದ್ದಿದ್ದೆವು. ಇಬ್ಬರಿಗೂ ಮಾಸ್ಕು. ಅದು ನನ್ನ ಹಳೇ ಕಸರತ್ತು. ಮುಖ ನೋಡಿ ಹುಡುಕಲು ಬಂದವನಿಗೆ ಮುಖ ಸಿಗಬಾರದು. ಈಗ ಇವನಿಗೆ ಹೆಸರೇ ಸಿಕ್ಕಿತ್ತು!

ಕಿಟಕಿ ಪಕ್ಕದ ಲಿಫ್ಟಮ್ಮ 'ಹ್ಞೂಂ' ಅನ್ನುವ ಮೊದಲೇ ನಾನು ಕೈ ಎತ್ತಿದೆ.

"ನಾನೇ ಕಣಮ್ಮ."

"ಮೇಡಂ, ಲಿಸ್ಟಲ್ಲಿ ನೀವು ವಿಂಡೋ..."

"ಬದಲಾಯಿಸ್ಕೊಂಡ್ವಿ. ಕಿಟಕಿ ಕಂಡ್ರೆ ನನಗೆ ತಲೆಸುತ್ತು."

ಅವಳು ಅತ್ತ ಹೋದಳು. ಇತ್ತ ಸೂಜಿ ಬಂತು.

"ಇಳಿದ ಮೇಲೆ ನನ್ನ ಜೊತೆ ಬರ್ಬೇಕು," ಎಂದಿತು ಸಂದಿಯ ದನಿ. "ಹೊರಗೆ ಕಾರಿದೆ. ಕೋರ್ಟಿನ ಬಾಗಿಲು ಹಾಕೋವರೆಗೂ ಊರು ಸುತ್ತೋಣ."

"ಆಮೇಲೆ?"

"ಆಮೇಲಿಂದು ಆಸ್ಪತ್ರೆ ಸಾಹೇಬ್ರು ಹೇಳ್ತಾರೆ."

ಕೂಗಿಬಿಡಲಾ? ಎಲ್ಲರೂ ಇವನನ್ನು ಹಿಡಿಯುತ್ತಾರೆ. ಸರಿ. ಆದರೆ ಇಂಥವನು ಒಬ್ಬನೇ ಬರುವುದಿಲ್ಲ. ಹೊರಗೆ ಕಾಯುವವರು ಎಚ್ಚರವಾಗುತ್ತಾರೆ. ಕೋರ್ಟಿನ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಅದೇ ಇವನು ಗೆದ್ದೆ ಅಂದುಕೊಂಡರೆ? ಮಿಕ್ಕವರು ಮನೆಗೆ ಹೋಗುತ್ತಾರೆ.

ಅವನು ಗೆಲ್ಲಬೇಕು. ನನ್ನನ್ನು ಹಿಡಿದು ಗೆಲ್ಲಬೇಕು!

ಸ್ಯಾಂಡ್‌ವಿಚ್ ಬಂತು. ಸಂದಿಯ ಬೆರಳು ಹಿಂದೆ ಸರಿಯಿತು. ಡಬ್ಬ ಕೊಡುವ ನೆಪದಲ್ಲಿ ಕಿಟಕಿಯತ್ತ ಬಾಗಿ ಪಿಸುಗುಟ್ಟಿದೆ.

"ಹಿಂದೆ ಹೋಗಿ ಖಾಲಿ ಸೀಟಲ್ಲಿ ಕೂತ್ಕೋ. ಹಿಂದಿನ ಬಾಗಿಲಲ್ಲಿ ಇಳಿ. ಹೊರಗೆ ನಮ್ಮ ಕಡೆ ವಕೀಲಮ್ಮ ಕಾಯ್ತಿದ್ದಾಳೆ. ನನ್ನ ಕಡೆ ತಿರುಗಿಯೂ ನೋಡ್ಬೇಡ."

ಅವಳ ಕಣ್ಣು ತುಂಬಿತು. "ಅಕ್ಕಾ, ಮತ್ತೆ ನೀವು..."

"ಬಾಯ್ಮುಚ್ಕೊಂಡು ಹೋಗೇ!"

ಹೋದಳು. ಹಿಂದಿನ ಸೀಟಿನವರು ಮುಂದೆ ಬಂದರೆ ನೂರೆಂಟು ಪ್ರಶ್ನೆ. ಮುಂದಿನವರು ಹಿಂದೆ ಹೋದರೆ ಯಾರೂ ತಡೆಯುವುದಿಲ್ಲ.

"ಎಲ್ಲಿ ಹೋದ್ಲು ನಿಮ್ಮ ಜೊತೆಯವಳು?"

"ನನ್ನ ಕಾವಲಿಗೆ ಅಂತ ಕಳಿಸಿದ್ರು," ಎಂದೆ. ದನಿ ನಡುಗಿಸುವ ನಾಟಕ ಬೇಕಾಗಲಿಲ್ಲ. ಅದೇ ನಡುಗುತ್ತಿತ್ತು. "ನಿನ್ನ ಸೂಜಿ ನೋಡಿ ಓಡಿದ್ಲು. ದಿನಗೂಲಿಯವಳು... ಅವಳಿಗೇನು ಕರ್ಮ?"

ಅವನು ಮೂಗಿನಲ್ಲೇ ನಕ್ಕ. "ಒಳ್ಳೇ ಬೇಲಿ ಹಾಕ್ಕೊಂಡಿದ್ರಿ ಅಕ್ಕಾ!"

ವಿಮಾನ ಇಳಿಯತೊಡಗಿತು. ಮೊದಲ ಸಾಲಿನ ಇನ್ನೊಂದು ಭಾಗ್ಯ, ಗಗನಸಖಿ ಎದುರಿಗೇ ಕೂತಿರುತ್ತಾಳೆ. ಮೊಣಕಾಲಿಗೆ ಮೊಣಕಾಲು.

"ಮೇಡಂ, ಬೆವರ್ತಿದ್ದೀರಾ. ಭಯಾನಾ?"

"ತುಂಬಾ ಕಣಮ್ಮ."

"ಎರಡೇ ನಿಮಿಷ ತಡ್ಕೊಳ್ಳಿ."

ನನಗೆ ಬೇಕಾಗಿದ್ದದ್ದು ಎರಡು ಗಂಟೆ, ಲಿಫ್ಟಮ್ಮ ಕಟಕಟೆ ಹತ್ತುವವರೆಗೆ!

ಪ್ರೀಮಿಯಂ ಲೆಕ್ಕದಲ್ಲಿ ಮೊದಲು ಇಳಿದೆ. ಅವನು ನನ್ನ ಸೊಂಟಕ್ಕೆ ಅಂಟಿಕೊಂಡು ಇಳಿದ. ಆಗ ಮೊದಲ ಸಲ ಮುಖ ನೋಡಿದೆ. ಬ್ಯಾಂಕಿನ ಕೌಂಟರಿನಲ್ಲಿ ಕೂರುವಂಥ ಮುಖ. ಸಾಧು ಮುಖ! ನನಗೆ ಇನ್ನೂ ಹೆದರಿಕೆಯಾಯಿತು.

ಕೆಳಗೆ ಒಂದೇ ಬಸ್ಸು.

ಮೊದಲು ಇಳಿದವರೂ ಕೊನೆಗೆ ಇಳಿದವರೂ ಅದೇ ಬಸ್ಸಿನಲ್ಲಿ ತುಂಬಿದ ಮೇಲೇ ಅದು ಹೊರಡುವುದು. ಅಯ್ಯೋ... ಈ ಮೊದ್ದು ತಲೆಗೆ ಅದು ಹೊಳೆದೇ ಇರಲಿಲ್ಲ!

ಹಿಂದಿನ ಬಾಗಿಲಿನಿಂದ ಲಿಫ್ಟಮ್ಮ ಹತ್ತಿದಳು. ಕಣ್ಣು ಕಣ್ಣು ಕೂಡಿತು. ಅವಳ ಕಣ್ಣು ಮತ್ತೆ ತುಂಬಿತು. ಜನರನ್ನು ಸರಿಸುತ್ತಾ ನನ್ನ ಕಡೆಗೇ ಹೆಜ್ಜೆ ಹಾಕಿದಳು... ಬೇಡ ಕಣೇ... ಬೇಡ...

"ಅಗೋ ನಿಮ್ಮ ಕಾವಲುಗಾರ್ತಿ," ಎಂದ ಅವನು ಕಿವಿಯಲ್ಲಿ. "ಯಾಕೆ ಬರ್ತಿದ್ದಾಳೆ?"

ಸೂಜಿ ಸೊಂಟಕ್ಕೆ ಚುಚ್ಚುವಷ್ಟು ಹತ್ತಿರವಾಯಿತು.

ನಾನು ಬಸ್ಸು ಬಿರಿಯುವ ಹಾಗೆ ಕಿರುಚಿದೆ.

"ಥೂ! ಉಪ್ಪು ತಿಂದು ಓಡಿಹೋದೆಯಲ್ಲೇ! ಈಗ ಯಾವ ಮುಖ ಹೊತ್ಕೊಂಡು ಬರ್ತೀಯ? ತೊಲಗು ಅತ್ಲಾಗೆ!"

ಬಸ್ಸಿನ ಜನವೆಲ್ಲ ಅವಳತ್ತ ತಿರುಗಿತು. ಒಬ್ಬ ಮುದುಕಿ 'ಛೀ' ಎಂದಳು. ಲಿಫ್ಟಮ್ಮನ ಹೆಜ್ಜೆ ನಿಂತಿತು. ತಲೆ ತಗ್ಗಿಸಿ, ಬೆನ್ನು ತಿರುಗಿಸಿದಳು.

ಅವಳಿಗೆ ಅರ್ಥವಾಗಿತ್ತು.

ಹೊರಗೆ ಅವನ ಕಾರಿನಲ್ಲಿ ಡ್ರೈವರು ಒಬ್ಬನಿದ್ದ. ಅದೇ ರಸ್ತೆ, ಅದೇ ಸೇತುವೆ, ಮತ್ತೆ ಅದೇ ಸೇತುವೆ. ಎರಡು ಗಂಟೆ. ಎರಡೂವರೆ. ಮೂರು. ಪ್ರತಿ ಸಿಗ್ನಲ್ಲಿನಲ್ಲೂ ಪ್ರಾಣ ಬಾಯಿಗೆ ಬರುತ್ತಿತ್ತು. ಗಡಿಯಾರ ನೋಡಬಾರದೆಂದು ಶಾಲಿನ ಅಂಚು ಹಿಂಡುತ್ತಿದ್ದೆ.

ಮೂರೂ ನಲವತ್ತಕ್ಕೆ ಅವನ ಫೋನು ಬಡಿದುಕೊಂಡಿತು.

"ಹೇಳಿ ಸಾಹೇಬ್ರೇ... ಇಲ್ಲೇ ಇದ್ದಾಳೆ... ಏನು?... ಕಟಕಟೇಲಿ ನಿಂತು ಎಲ್ಲಾ ಹೇಳಿಬಿಟ್ಲಾ?... ಮತ್ತೆ ಇವಳ್ಯಾರು?"

ಅವನ ಸಾಧು ಮುಖ ಕಪ್ಪಿಟ್ಟಿತು. ನನ್ನ ಮಾಸ್ಕು ಕಿತ್ತೆಸೆದ. ಕುತ್ತಿಗೆಗೆ ಸೂಜಿ ಒತ್ತಿದ.

"ಯಾರೇ ನೀನು?"

ಉಗುಳು ನುಂಗಿದೆ. ನುಂಗಿದರೆ ಸೂಜಿ ತಾಗುತ್ತಿತ್ತು. "ದಿನಗೂಲಿಯವಳು."

ಕಾರು ನಿಂತಿತು. ಕಣ್ಣು ಮುಚ್ಚಿಕೊಂಡೆ...

"ಅಣ್ಣಾ," ಎಂದ ಡ್ರೈವರು, ಆಕಳಿಸುತ್ತಾ. "ಇವಳನ್ನ ಮುಗಿಸಿದ್ರೆ ಏನಾದ್ರೂ ಕೊಡ್ತಾರಾ ಅಂತ ಕೇಳು."

ಅವನು ಫೋನಿಗೆ ಕೇಳಿದ. ಅತ್ತಲಿಂದ ಬೈಗುಳ. ಫೋನು ಕಟ್ಟಾಯಿತು.

"ಚಿಕ್ಕಾಸೂ ಕೊಡಲ್ವಂತೆ."

"ಮತ್ಯಾಕೆ ಬಿಟ್ಟಿ ಚಾಕರಿ? ಇಳಿಸಾಚೆ!"

ಬಾಗಿಲು ತೆರೆಯಿತು. ಬೆನ್ನಿಗೆ ಒಂದು ಒದೆ ಬಿತ್ತು. ರಸ್ತೆ ಬದಿಯ ಮಣ್ಣಿಗೆ ಬಿದ್ದೆ. ಕಾರು ಧೂಳೆಬ್ಬಿಸಿ ಹೋಯಿತು.

ನನ್ನ ಜೀವಕ್ಕೆ ಚಿಕ್ಕಾಸಿನ ಬೆಲೆಯೂ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಸಿಕೊಂಡು ನಾನು ಅಷ್ಟೊಂದು ಸಂತೋಷಪಟ್ಟದ್ದು ಅದೇ ಮೊದಲು!